ಹಡಗಿನಿಂದ ಹಿಮಕರಡಿ ನೋಡುವುದು ಹೇಗೆ: ಸ್ವಾಲ್ಬಾರ್ಡ್‌ಗೆ ಹೊರಟವರಿಗೆ

ಹಿಮಕರಡಿ ನೋಡಲು ಹೋಗಬೇಕು ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಕ್ಯಾಮೆರಾ ಬಗ್ಗೆ ಅಲ್ಲ. ನಿಮ್ಮ ಹತ್ತಿರ ಒಳ್ಳೆ ಬೈನಾಕ್ಯುಲರ್ ಇದೆಯಾ ಅಂತ ಕೇಳುತ್ತೇನೆ. ಯಾಕೆಂದರೆ ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ 2025ರ ಜನವರಿ 1ರಿಂದ ಕಾನೂನು ಬಿಗಿಯಾಗಿದೆ. ಕರಡಿಯಿಂದ ಕನಿಷ್ಠ 300 ಮೀಟರ್ ದೂರ ಇರಬೇಕು. ಮಾರ್ಚ್ 1ರಿಂದ ಜೂನ್ 30ರವರೆಗೆ 500 ಮೀಟರ್. ಎಷ್ಟು ದೂರ ಅಂತ ಅಂದಾಜು ಸಿಗಬೇಕಾದರೆ ಹೀಗೆ ಯೋಚಿಸಿ: ಪಕ್ಕಕ್ಕೆ ತಿರುಗಿ ನಿಂತ ದೊಡ್ಡ ಗಂಡು ಕರಡಿ 300 ಮೀಟರ್ ದೂರದಲ್ಲಿ ಬರಿಗಣ್ಣಿಗೆ ಹೆಚ್ಚುಕಮ್ಮಿ ಹುಣ್ಣಿಮೆ ಚಂದ್ರನಷ್ಟು ಅಗಲ ಕಾಣುತ್ತದೆ. 500 ಮೀಟರ್‌ಗೆ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಹತ್ತು ಪಟ್ಟು ದೊಡ್ಡದು ಮಾಡುವ ಬೈನಾಕ್ಯುಲರ್ ಹಿಡಿದರೆ ಅದೇ ಕರಡಿ 30 ಮೀಟರ್‌ನಲ್ಲಿ ನಿಂತ ಹಾಗೆ. ಮೂಗು ಎತ್ತುವುದು, ಕಿವಿ ತಿರುಗಿಸುವುದು, ಮರಿ ಅಮ್ಮನ ಹೊಟ್ಟೆ ಕೆಳಗೆ ನುಸುಳುವುದು, ಎಲ್ಲಾ ಕಾಣುತ್ತದೆ.

ಈ ದೂರದ ಬಗ್ಗೆ ಬೇಜಾರು ಮಾಡಿಕೊಳ್ಳುವವರನ್ನು ನೋಡಿದ್ದೇನೆ. ನನಗಂತೂ ಈ ನಿಯಮ ಸರಿ ಅನ್ನಿಸುತ್ತದೆ. ದೂರದಿಂದ ನೋಡಿದಾಗ ಮಾತ್ರ ಕರಡಿ ತನ್ನ ಪಾಡಿಗೆ ತಾನಿರುತ್ತದೆ, ಮತ್ತು ನಾವು ಅಷ್ಟು ದೂರ ಹೋಗಿದ್ದು ಅದನ್ನು ನೋಡುವುದಕ್ಕೇ ಅಲ್ವಾ?

ಯಾಕೆ ಹಡಗು, ಯಾಕೆ ಸ್ವಾಲ್ಬಾರ್ಡ್

ಹಿಮಕರಡಿ ನೋಡಲು ಬೇರೆ ಜಾಗಗಳೂ ಇವೆ. ಕೆನಡಾದ ಚರ್ಚಿಲ್ ಊರು ಹೆಸರುವಾಸಿ. ಅಲ್ಲಿ ಅಕ್ಟೋಬರ್-ನವೆಂಬರ್‌ನಲ್ಲಿ ಹಡ್ಸನ್ ಕೊಲ್ಲಿ ಹೆಪ್ಪುಗಟ್ಟಲಿ ಅಂತ ಕರಡಿಗಳು ದಡದಲ್ಲಿ ಕಾಯುತ್ತಿರುತ್ತವೆ. ಜನ ದೊಡ್ಡ ಗಾಲಿಯ ಗಾಡಿಗಳಲ್ಲಿ ಕೂತು ನೋಡುತ್ತಾರೆ. ಅದು ನೆಲದ ಮೇಲಿನ ನೋಟ. ಕರಡಿಯನ್ನು ಅದರ ನಿಜವಾದ ಮನೆಯಲ್ಲಿ, ಅಂದರೆ ಸಮುದ್ರದ ಮೇಲೆ ತೇಲುವ ಮಂಜುಗಡ್ಡೆಯಲ್ಲಿ ನೋಡಬೇಕು ಅಂದರೆ ಹಡಗೇ ಬೇಕು. ಅದಕ್ಕೆ ಸ್ವಾಲ್ಬಾರ್ಡ್ ಎಲ್ಲಕ್ಕಿಂತ ಸುಲಭದ ಜಾಗ. 78 ಡಿಗ್ರಿ ಉತ್ತರದಲ್ಲಿರುವ ಲಾಂಗ್‌ಇಯರ್‌ಬೀನ್ ಊರಿಗೆ ನಾರ್ವೆಯ ರಾಜಧಾನಿ ಓಸ್ಲೋದಿಂದ ಮೂರು ಗಂಟೆಯ ಮಾಮೂಲಿ ವಿಮಾನ ಇದೆ. ಹಡಗುಗಳು ಅಲ್ಲಿಂದಲೇ ಹೊರಡುತ್ತವೆ.

ನಮಗೂ ಆ ಜಾಗಕ್ಕೂ ಒಂದು ನಂಟಿದೆ. ಸ್ವಾಲ್ಬಾರ್ಡ್‌ನ ನ್ಯೂ ಓಲೆಸುಂಡ್ ಎಂಬ ಪುಟ್ಟ ಸಂಶೋಧನಾ ಹಳ್ಳಿಯಲ್ಲಿ ಭಾರತದ ‘ಹಿಮಾದ್ರಿ’ ಕೇಂದ್ರ 2008ರಿಂದ ಇದೆ. ಉತ್ತರ ಧ್ರುವ ಅಲ್ಲಿಂದ ಸುಮಾರು 1,200 ಕಿಲೋಮೀಟರ್. ಕೆಲವು ಹಡಗುಗಳು ಆ ಹಳ್ಳಿಯಲ್ಲಿ ನಿಲ್ಲುತ್ತವೆ. ಅಷ್ಟು ದೂರದಲ್ಲಿ ಬಾಗಿಲ ಮೇಲೆ ‘ಹಿಮಾದ್ರಿ’ ಅಂತ ಓದಿದಾಗ ಎದೆ ತುಂಬಿ ಬರುತ್ತದೆ.

ಯಾವಾಗ ಹೋಗಬೇಕು

ಕರಡಿ ಎಲ್ಲಿರುತ್ತದೆ ಅನ್ನುವುದನ್ನು ಮಂಜುಗಡ್ಡೆ ತೀರ್ಮಾನಿಸುತ್ತದೆ. ಕರಡಿಯ ಮುಖ್ಯ ಊಟ ರಿಂಗ್ಡ್ ಸೀಲ್ ಎಂಬ ಸಣ್ಣ ಜಾತಿಯ ಸೀಲ್. ಆ ಸೀಲ್ ಮಂಜುಗಡ್ಡೆಯಲ್ಲಿ ಉಸಿರಾಟಕ್ಕೆ ತೂತು ಮಾಡಿಕೊಂಡು ಅದರ ಸುತ್ತಮುತ್ತ ಬದುಕುತ್ತದೆ. ಮಂಜುಗಡ್ಡೆ ಇದ್ದಲ್ಲಿ ಸೀಲ್, ಸೀಲ್ ಇದ್ದಲ್ಲಿ ಕರಡಿ.

ಮೇ ತಿಂಗಳಲ್ಲಿ ಹೋದರೆ ಬೆಟ್ಟಗಳೆಲ್ಲಾ ಬಿಳಿ. ಕಣಿವೆಗಳ ತುದಿಯ ಸಮುದ್ರ ಇನ್ನೂ ಗಟ್ಟಿಯಾಗಿರುತ್ತದೆ. ಚಳಿಗಾಲದಲ್ಲಿ ಹಿಮದ ಗುಹೆಯೊಳಗೆ ಹುಟ್ಟಿದ ಮರಿಗಳು ಮಾರ್ಚ್-ಏಪ್ರಿಲ್‌ನಲ್ಲಿ ಹೊರಗೆ ಬಂದಿರುತ್ತವೆ. ಆದರೆ ಆಗ 500 ಮೀಟರ್ ನಿಯಮ, ಮತ್ತು ಉತ್ತರ-ಪೂರ್ವದ ದಾರಿ ಮಂಜುಗಡ್ಡೆಯಿಂದ ಮುಚ್ಚಿರುವುದೇ ಜಾಸ್ತಿ. ಆಗಸ್ಟ್‌ನಲ್ಲಿ ಮಂಜುಗಡ್ಡೆ ಉತ್ತರಕ್ಕೆ ಸರಿದಿರುತ್ತದೆ, ಇಡೀ ದ್ವೀಪಸಮೂಹ ಸುತ್ತಿ ಬರಬಹುದು. ಆಗ ಸಿಗುವ ಕರಡಿಗಳಲ್ಲಿ ಹಲವು ದಡದಲ್ಲೇ ಉಳಿದು ಸತ್ತ ತಿಮಿಂಗಿಲದ ಹೆಣ, ಕೆಲವೊಮ್ಮೆ ಹಿಮಸಾರಂಗ ತಿಂದು ದಿನ ದೂಡುತ್ತಿರುವಂಥವು.

ನನ್ನ ಆಯ್ಕೆ ಜುಲೈ. 500 ಮೀಟರ್ 300ಕ್ಕೆ ಇಳಿದಿರುತ್ತದೆ, ಮಂಜುಗಡ್ಡೆಯ ಅಂಚು ಹಡಗಿಗೆ ಎಟುಕುವ ದೂರದಲ್ಲಿ ಇರುವ ಸಾಧ್ಯತೆ ಚೆನ್ನಾಗಿರುತ್ತದೆ, ಮತ್ತು ಸೂರ್ಯ ಮುಳುಗುವುದೇ ಇಲ್ಲ. ಲಾಂಗ್‌ಇಯರ್‌ಬೀನ್‌ನಲ್ಲಿ ಏಪ್ರಿಲ್ 20ರ ಆಸುಪಾಸಿನಿಂದ ಆಗಸ್ಟ್ ಮೂರನೇ ವಾರ ಕಳೆಯುವವರೆಗೆ ರಾತ್ರಿ ಅನ್ನುವುದೇ ಇಲ್ಲ. ಅಂದರೆ ದಿನದ 24 ಗಂಟೆಯೂ ಕರಡಿ ಹುಡುಕುವ ಸಮಯ.

ಹಡಗು ಆರಿಸುವುದು

ಇಲ್ಲಿ ದುಡ್ಡಿನ ವಿಷಯ ಬರುತ್ತದೆ. ಒಬ್ಬರಿಗೆ ಲಕ್ಷಗಳ ಲೆಕ್ಕ, ಅದನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ. ಹಾಗಾಗಿ ಒಂದೇ ಸಲ ಹೋಗುವುದು, ಆದರೆ ಸರಿಯಾಗಿ ಹೋಗುವುದು ಒಳ್ಳೆಯದು. ನಾಲ್ಕೈದು ದಿನದ ಪ್ರವಾಸ ಅಗ್ಗ ಅನ್ನಿಸಬಹುದು. ಆದರೆ ಅದರಲ್ಲಿ ಹತ್ತಲು ಒಂದು ದಿನ, ಇಳಿಯಲು ಒಂದು ದಿನ ಹೋಗಿಬಿಡುತ್ತದೆ. ಗಾಳಿ ಕೆಟ್ಟರೆ ಇನ್ನೊಂದು ದಿನ. ಎಂಟರಿಂದ ಹತ್ತು ದಿನದ್ದು ತೆಗೆದುಕೊಳ್ಳಿ.

ಸಂರಕ್ಷಿತ ಪ್ರದೇಶಗಳಿಗೆ 200ಕ್ಕಿಂತ ಜಾಸ್ತಿ ಪ್ರಯಾಣಿಕರಿರುವ ಹಡಗು ಹೋಗುವಂತಿಲ್ಲ. ಕರಡಿ ಇರುವ ಜಾಗಗಳಲ್ಲಿ ಬಹುಪಾಲು ಸಂರಕ್ಷಿತ ಪ್ರದೇಶವೇ ಆದ್ದರಿಂದ ದೊಡ್ಡ ಐಷಾರಾಮಿ ಹಡಗಿನ ಯೋಚನೆ ಬಿಡಿ. ನೂರರ ಆಸುಪಾಸು ಅಥವಾ ಅದಕ್ಕೂ ಕಡಿಮೆ ಜನರ ಹಡಗು ನೋಡಿ. ಬುಕ್ ಮಾಡುವ ಮುಂಚೆ ಈ ಪ್ರಶ್ನೆಗಳನ್ನು ಕೇಳಿಯೇ ಕೇಳಿ. ಹಡಗಿನ ಮೈ ಮಂಜುಗಡ್ಡೆ ನಡುವೆ ಓಡಾಡುವಷ್ಟು ಗಟ್ಟಿಯಾಗಿ ಕಟ್ಟಿದ್ದೇ? ಎಷ್ಟು ಜನಕ್ಕೆ ಒಬ್ಬ ಗೈಡ್? ಕ್ಯಾಪ್ಟನ್ ಹಡಗು ನಡೆಸುವ ಕೋಣೆಗೆ, ಅಂದರೆ ಬ್ರಿಡ್ಜ್‌ಗೆ, ಪ್ರಯಾಣಿಕರನ್ನು ಬಿಡುತ್ತಾರಾ? ಹೊರಗಿನ ಡೆಕ್ ಮುಂದಕ್ಕೆ, ಮೂತಿಯವರೆಗೂ ತೆರೆದಿರುತ್ತದಾ? ರಾತ್ರಿಯೂ ಕರಡಿಗಾಗಿ ಒಬ್ಬರು ಕಾವಲು ನಿಲ್ಲುತ್ತಾರಾ? ಆರ್ಕ್ಟಿಕ್‌ನಲ್ಲಿ ಓಡುವ ಇಂಥ ಹಡಗು ಕಂಪನಿಗಳ ಒಂದು ಸಂಘ ಇದೆ, ಹೆಸರು ಎಇಸಿಓ, 2003ರಲ್ಲಿ ಶುರುವಾಗಿದ್ದು. ನಿಮ್ಮ ಕಂಪನಿ ಅದರ ಸದಸ್ಯ ಹೌದೋ ಅಲ್ಲವೋ ನೋಡಿಕೊಳ್ಳಿ.

‘ಕರಡಿ ಗ್ಯಾರಂಟಿ’ ಅಂತ ಯಾರಾದರೂ ಹೇಳಿದರೆ ಅಲ್ಲಿಗೆ ಬಿಟ್ಟುಬಿಡಿ. ‘ಹತ್ತಿರದಿಂದ ತೋರಿಸುತ್ತೇವೆ’ ಅಂದರೂ ಅಷ್ಟೇ. ಕರಡಿಯನ್ನು ಬೆನ್ನಟ್ಟುವುದು, ಏನಾದರೂ ಹಾಕಿ ಕರೆಯುವುದು, ಅದರ ನೆಮ್ಮದಿ ಕೆಡಿಸುವುದು ಅಲ್ಲಿ ಅಪರಾಧ.

ವೀಸಾದಲ್ಲಿ ಎಡವಬೇಡಿ

ನಮ್ಮವರಿಗೆ ಇದು ತುಂಬಾ ಮುಖ್ಯ. ಸ್ವಾಲ್ಬಾರ್ಡ್‌ಗೆ ಪ್ರತ್ಯೇಕ ವೀಸಾ ಬೇಕಿಲ್ಲ. ಆದರೆ ಅದು ಷೆಂಗೆನ್ ಪ್ರದೇಶದ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪ್ ದೇಶಗಳ ಗುಂಪಿನ, ಒಳಗಿಲ್ಲ. ಓಸ್ಲೋದಿಂದ ಅಲ್ಲಿಗೆ ಹಾರಿದ ಕೂಡಲೇ ನೀವು ಷೆಂಗೆನ್‌ನಿಂದ ಹೊರಗೆ ಹೋದ ಲೆಕ್ಕ, ವಾಪಸ್ ಬಂದಾಗ ಮತ್ತೆ ಒಳಗೆ ಬಂದ ಲೆಕ್ಕ. ಹಾಗಾಗಿ ಕನಿಷ್ಠ ಎರಡು ಸಲ ಒಳಬರಲು ಅನುಮತಿ ಇರುವ ಷೆಂಗೆನ್ ವೀಸಾ ಕೇಳಿ. ಒಂದೇ ಸಲದ್ದು ಸಿಕ್ಕರೆ ಹೊರಡುವ ಮೊದಲೇ ಸರಿಮಾಡಿಸಿಕೊಳ್ಳಿ.

ಹಡಗು ಹೊರಡುವ ದಿನಕ್ಕೆ ಒಂದು ದಿನ, ಸಾಧ್ಯವಾದರೆ ಎರಡು ದಿನ ಮುಂಚೆಯೇ ಲಾಂಗ್‌ಇಯರ್‌ಬೀನ್ ತಲುಪಿ. ನನ್ನ ಜೊತೆಗಿದ್ದವರೊಬ್ಬರ ಬ್ಯಾಗ್ ದಾರಿಯ ವಿಮಾನ ನಿಲ್ದಾಣದಲ್ಲೇ ಉಳಿದು, ಹಡಗು ಹೊರಡುವುದಕ್ಕೆ ನಾಲ್ಕು ಗಂಟೆ ಮುಂಚೆ ಬಂತು. ಬೈನಾಕ್ಯುಲರ್, ಔಷಧಿ, ಒಂದು ಜೊತೆ ಬೆಚ್ಚಗಿನ ಬಟ್ಟೆ ಕೈಚೀಲದಲ್ಲೇ ಇರಲಿ. ವಿಮೆ ಮಾಡಿಸುವಾಗ ತುರ್ತಾಗಿ ಹೆಲಿಕಾಪ್ಟರ್‌ನಲ್ಲಿ ಕರೆತರುವ ಖರ್ಚು ಸೇರಿದೆಯಾ ನೋಡಿ. ಅಲ್ಲಿರುವುದು ಒಂದು ಸಣ್ಣ ಆಸ್ಪತ್ರೆ.

ಆ ಊರಲ್ಲಿ ಒಂದು ಪದ್ಧತಿ ನನಗೆ ತುಂಬಾ ಹಿಡಿಸಿತು. ಹೋಟೆಲ್, ಮ್ಯೂಸಿಯಂ ಒಳಗೆ ಹೋಗುವಾಗ ಬಾಗಿಲಲ್ಲೇ ಚಪ್ಪಲಿ-ಬೂಟು ಬಿಡಬೇಕು. ಕಲ್ಲಿದ್ದಲು ಗಣಿಯ ಕಾಲದಿಂದ ಬಂದ ಅಭ್ಯಾಸವಂತೆ. ನಮ್ಮ ಮನೆಗೆ ಬಂದ ಹಾಗೇ ಆಯಿತು.

ಬಟ್ಟೆ, ಕ್ಯಾಮೆರಾ, ಊಟ

ಜುಲೈನಲ್ಲಿ ಚಳಿ ನಾವು ಹೆದರುವಷ್ಟು ಇರುವುದಿಲ್ಲ. ಊರಲ್ಲಿ ಐದಾರು ಡಿಗ್ರಿ, ಮಂಜುಗಡ್ಡೆ ಹತ್ತಿರ ಸೊನ್ನೆಯ ಆಸುಪಾಸು. ಕಾಡುವುದು ಗಾಳಿ, ಮತ್ತು ಗಂಟೆಗಟ್ಟಲೆ ಅಲ್ಲಾಡದೆ ನಿಲ್ಲುವುದು. ಮೈಗೆ ಅಂಟುವ ಉಣ್ಣೆಯ ಒಳಬಟ್ಟೆ, ಮೇಲೆ ಸ್ವೆಟರ್, ಅದರ ಮೇಲೆ ಗಾಳಿ-ನೀರು ತಡೆಯುವ ಜಾಕೆಟ್ ಮತ್ತು ಪ್ಯಾಂಟ್. ಕೈಗೆ ಎರಡು ಜೊತೆ ಗವಸು: ಬೈನಾಕ್ಯುಲರ್ ತಿರುಗಿಸಲು ತೆಳ್ಳಗಿನದು, ಅದರ ಮೇಲೆ ದಪ್ಪದ್ದು. ರಬ್ಬರ್ ಬೂಟು ತುಂಬಾ ಹಡಗುಗಳಲ್ಲಿ ಅವರೇ ಕೊಡುತ್ತಾರೆ, ಕೇಳಿ ನೋಡಿ. ಕಪ್ಪು ಕನ್ನಡಕ ಮರೆಯಬೇಡಿ. ದಿನವಿಡೀ ಬಿಳಿ ನೋಡಿ ಕಣ್ಣು ಉರಿಯುತ್ತದೆ.

ಕ್ಯಾಮೆರಾ ಒಯ್ಯುವುದಾದರೆ 400 ಎಂಎಂವರೆಗಾದರೂ ಹೋಗುವ ಲೆನ್ಸ್ ಬೇಕು. ಬಿಳಿ ಹಿಮ ಕ್ಯಾಮೆರಾಕ್ಕೆ ಮೋಸ ಮಾಡುತ್ತದೆ, ಫೋಟೋ ಬೂದು ಬರುತ್ತದೆ. ಎಕ್ಸ್‌ಪೋಶರ್ ಸ್ವಲ್ಪ ಏರಿಸಿ. ಚಳಿಗೆ ಬ್ಯಾಟರಿ ಬೇಗ ಸಾಯುತ್ತದೆ, ಇನ್ನೊಂದನ್ನು ಒಳಜೇಬಿನಲ್ಲಿ ಮೈಗೆ ತಾಗಿಸಿ ಇಟ್ಟುಕೊಳ್ಳಿ. ಡೆಕ್‌ನಿಂದ ಬೆಚ್ಚಗಿನ ಕ್ಯಾಬಿನ್‌ಗೆ ಬರುವ ಮುಂಚೆ ಕ್ಯಾಮೆರಾವನ್ನು ಚೀಲದೊಳಗೆ ಮುಚ್ಚಿ, ಇಲ್ಲದಿದ್ದರೆ ಲೆನ್ಸ್ ಮೇಲೆಲ್ಲಾ ಹನಿ ಕಟ್ಟುತ್ತದೆ. ಡ್ರೋನ್ ಮನೆಯಲ್ಲೇ ಬಿಡಿ. ಸಂರಕ್ಷಿತ ಪ್ರದೇಶಗಳಲ್ಲಿ ಹಾರಿಸುವಂತಿಲ್ಲ.

ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಬರೆದು ತಿಳಿಸಿ. ಒಂದು ಡಬ್ಬಿ ಚಟ್ನಿಪುಡಿ ಇದ್ದರೆ ಬೇಯಿಸಿದ ಆಲೂಗಡ್ಡೆ ಜೊತೆ ಎಲ್ಲಾ ಸರಿಹೋಗುತ್ತದೆ. ಹೊಟ್ಟೆ ತೊಳಸುವವರು ಹಡಗು ಅಲ್ಲಾಡಲು ಶುರುವಾಗುವ ಮುಂಚೆಯೇ ಮಾತ್ರೆ ತೆಗೆದುಕೊಳ್ಳಬೇಕು, ಶುರುವಾದ ಮೇಲೆ ಕೆಲಸ ಮಾಡುವುದು ಕಡಿಮೆ. ಯಾವ ಮಾತ್ರೆ ಅಂತ ನಿಮ್ಮ ಡಾಕ್ಟರ್‌ನ ಕೇಳಿ.

ಹುಡುಕುವುದು: ಇದೇ ಅಸಲಿ ಕೆಲಸ

ಕಬಿನಿ, ಬಂಡೀಪುರದಲ್ಲಿ ಸಫಾರಿ ಹೋಗಿ ಅಭ್ಯಾಸ ಇರುವವರಿಗೆ ಇಲ್ಲಿ ಮೊದಲು ಗೊಂದಲವಾಗುತ್ತದೆ. ನಮ್ಮ ಕಾಡಿನಲ್ಲಿ ಹುಲಿ ಬರುವುದನ್ನು ಜಿಂಕೆ ಕೂಗಿ ಹೇಳುತ್ತದೆ, ಮುಸುವ ಕೂಗಿ ಹೇಳುತ್ತದೆ. ಕಿವಿ ಅರ್ಧ ಕೆಲಸ ಮಾಡುತ್ತದೆ. ಮಂಜುಗಡ್ಡೆಯ ಮೇಲೆ ಯಾರೂ ಕೂಗುವುದಿಲ್ಲ. ಸೀಲ್ ಸದ್ದಿಲ್ಲದೆ ತೂತಿನೊಳಗೆ ಜಾರುತ್ತದೆ, ಅಷ್ಟೇ. ಎಲ್ಲಾ ಕೆಲಸ ಕಣ್ಣಿನದು.

ಮೊದಲ ಪಾಠ ಬಣ್ಣದ್ದು. ಹಿಮಕರಡಿ ಬಿಳಿ ಅಂತ ತಲೆಯಲ್ಲಿ ಇಟ್ಟುಕೊಂಡು ಹುಡುಕಿದರೆ ಸಿಗುವುದಿಲ್ಲ. ಅದರ ಚರ್ಮ ಕಪ್ಪು, ಕೂದಲಿಗೆ ಬಣ್ಣವೇ ಇಲ್ಲ, ಬೆಳಕು ಚದುರಿ ಬಿಳಿ ಕಾಣುತ್ತದೆ. ಅದರ ಮೇಲೆ ಸೀಲ್ ಕೊಬ್ಬಿನ ಎಣ್ಣೆ, ಕೊಳೆ. ಹಾಗಾಗಿ ಹಿಮದ ಎದುರಿಗೆ ಅದು ಹೆಪ್ಪುಗಟ್ಟಿದ ಹಸುವಿನ ತುಪ್ಪದ ಬಣ್ಣ. ಹಿಮಕ್ಕೆ ನೀಲಿ ಛಾಯೆ, ಕರಡಿಗೆ ಹಳದಿ ಛಾಯೆ. ಈ ವ್ಯತ್ಯಾಸ ಒಮ್ಮೆ ಕಣ್ಣಿಗೆ ಹತ್ತಿದರೆ ಆಮೇಲೆ ಸುಲಭ. ಮೋಸ ಹೋಗುವುದೂ ಇದೆ. ತಿರುಗಿ ಬಿದ್ದ ಮಂಜುಗಡ್ಡೆಯ ತಳದಲ್ಲಿ ಪಾಚಿ ಬೆಳೆದು ಹಳದಿ-ಕಂದು ಬಣ್ಣ ಇರುತ್ತದೆ, ದೂರದಿಂದ ಥೇಟ್ ಮಲಗಿದ ಕರಡಿ.

ಎರಡನೆಯದು ಹುಡುಕುವ ಕ್ರಮ. ಬೈನಾಕ್ಯುಲರ್ ಹಿಡಿದು ಸುಮ್ನೆ ಅತ್ತಿತ್ತ ಓಡಿಸಬೇಡಿ. ನೇಗಿಲು ಸಾಲು ಹೊಡೆಯುವ ಹಾಗೆ ನೋಡಬೇಕು. ದಿಗಂತದ ಎಡತುದಿಯಿಂದ ಬಲಕ್ಕೆ ನಿಧಾನ ಬನ್ನಿ, ಒಂದಿಷ್ಟು ಕೆಳಗಿಳಿಸಿ, ಬಲದಿಂದ ಎಡಕ್ಕೆ ವಾಪಸ್ ಹೋಗಿ. ಪ್ರತಿ ನೋಟದಲ್ಲೂ ಒಂದೆರಡು ಸೆಕೆಂಡ್ ನಿಲ್ಲಿ. ಅನುಮಾನದ ಚುಕ್ಕೆ ಕಂಡರೆ ಪಕ್ಕದಲ್ಲಿ ಒಂದು ಗುರುತು ಹಿಡಿದುಕೊಳ್ಳಿ, ಬೇರೆ ಕಡೆ ನೋಡಿ, ಒಂದು ನಿಮಿಷ ಬಿಟ್ಟು ಮತ್ತೆ ಬನ್ನಿ. ಜಾಗ ಬದಲಾಗಿದೆಯಾ? ಆಕಾರ ಬದಲಾಗಿದೆಯಾ? ಕಲ್ಲು ಕತ್ತು ತಿರುಗಿಸುವುದಿಲ್ಲ.

ಕರಡಿಯನ್ನೇ ಹುಡುಕಬೇಕು ಅಂತಿಲ್ಲ, ಅದರ ಸುಳಿವುಗಳನ್ನು ಹುಡುಕಿ. ಹಿಮದ ಮೇಲೆ ಹೆಜ್ಜೆಗಳ ಉದ್ದನೆಯ ದಾರ. ಮಂಜಿನ ಮೇಲೆ ಕೆಂಪು ಕಲೆ, ಅಂದರೆ ಸೀಲ್ ಕೊಂದ ಜಾಗ. ಒಂದೇ ಕಡೆ ಇಳಿಯುತ್ತಾ ಏಳುತ್ತಾ ಇರುವ ಗಲ್ ಹಕ್ಕಿಗಳು. ಅದರಲ್ಲೂ ಅಚ್ಚ ಬಿಳಿಯ ಐವರಿ ಗಲ್ ಕಂಡರೆ ಆ ಸುತ್ತ ಚೆನ್ನಾಗಿ ನೋಡಿ, ಕರಡಿ ಬಿಟ್ಟ ಮಾಂಸಕ್ಕೆ ಅದು ಬರುತ್ತದೆ. ಸೀಲ್‌ಗಳು ಅಲ್ಲಲ್ಲಿ ನಿರಾಳವಾಗಿ ಮಲಗಿವೆಯೇ, ಅಥವಾ ಒಂದು ದಿಕ್ಕಿನಲ್ಲಿ ಒಂದೂ ಇಲ್ಲವೇ? ಅದೂ ಒಂದು ಸುದ್ದಿ.

ಯಾರಾದರೂ ಕರಡಿ ಕಂಡಾಗ ಗೈಡ್‌ಗಳು ಗಡಿಯಾರದ ಲೆಕ್ಕದಲ್ಲಿ ಹೇಳುತ್ತಾರೆ. ಹಡಗಿನ ಮೂತಿ ಯಾವಾಗಲೂ 12 ಗಂಟೆ, ಬಲಭಾಗ 3, ಹಿಂಭಾಗ 6. ‘ಎರಡು ಗಂಟೆ, ದೊಡ್ಡ ನೀಲಿ ಗಡ್ಡೆಯ ಎಡಕ್ಕೆ’ ಅಂದರೆ ತಕ್ಷಣ ತಿರುಗುವಷ್ಟು ಅಭ್ಯಾಸ ಮಾಡಿಕೊಳ್ಳಿ. ನಿಮಗೇ ಮೊದಲು ಕಂಡರೂ ಹೀಗೇ ಹೇಳಿ. ‘ಅಲ್ಲಿ! ಅಲ್ಲಿ!’ ಅಂದರೆ ಯಾರಿಗೂ ತಿಳಿಯುವುದಿಲ್ಲ.

ಹಡಗುಗಳು ಸಾಮಾನ್ಯವಾಗಿ ಹುಡುಕುವ ಕಡೆಗಳು ಇವು: ಉತ್ತರದ ಮಂಜುಗಡ್ಡೆಯ ಅಂಚು, ಸ್ಪಿಟ್ಸ್‌ಬರ್ಗೆನ್ ಮತ್ತು ನೋರ್ಡೌಸ್ಟ್‌ಲಾಂಡೆಟ್ ದ್ವೀಪಗಳ ನಡುವಿನ ಹಿನ್‌ಲೋಪೆನ್ ಜಲಸಂಧಿ, ಅದಕ್ಕೂ ಉತ್ತರದ ‘ಏಳು ದ್ವೀಪಗಳು’ ಎಂಬ ಸಣ್ಣ ದ್ವೀಪಗಳ ಗುಂಪು, ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರದ ತೋಳಾದ ಲೀಫ್ಡೆ ಫ್ಯೋರ್ಡ್‌ನ ಒಳತುದಿಯ ಮೊನಾಕೊ ಹಿಮನದಿ. ಕೊನೆಯದರಲ್ಲಿ ಹಿಮನದಿಯ ಮುಂದಿನ ಸಣ್ಣ ದ್ವೀಪಗಳನ್ನು ಬಿಡದೆ ನೋಡಿ. ಬೇಸಿಗೆಯಲ್ಲಿ ಹಕ್ಕಿಗೂಡು ಹುಡುಕಿಕೊಂಡು ಕರಡಿ ಅಲ್ಲಿಗೆ ಬರುತ್ತದೆ.

ಎಲ್ಲಕ್ಕಿಂತ ಮುಖ್ಯ, ಡೆಕ್ ಮೇಲೆ ಇರಿ. ಇಡೀ ಬಾರೆಂಟ್ಸ್ ಸಮುದ್ರದ ಭಾಗದಲ್ಲಿ ಸುಮಾರು 3,000 ಕರಡಿ, ಅದರಲ್ಲಿ ವರ್ಷವಿಡೀ ಸ್ವಾಲ್ಬಾರ್ಡ್‌ನಲ್ಲೇ ಇರುವುದು ಸುಮಾರು 300. ಜಾಗವೋ ನಮ್ಮ ರಾಜ್ಯದ ಮೂರನೇ ಒಂದು ಭಾಗದಷ್ಟು, ಸಮುದ್ರ ಬೇರೆ. ಕ್ಯಾಬಿನ್‌ನಲ್ಲಿ ಕೂತು ಕರೆ ಬರಲಿ ಅಂತ ಕಾದರೂ ಒಂದೆರಡು ಸಿಗಬಹುದು. ಆದರೆ ತಾನೇ ಹುಡುಕಿದ ಚುಕ್ಕೆ ಎದ್ದು ನಡೆಯುವುದನ್ನು ನೋಡುವ ಸಂತೋಷವೇ ಬೇರೆ.

ಕರಡಿ ಕಂಡ ಮೇಲೆ

ನಮಗೆ ನಾಲ್ಕನೇ ರಾತ್ರಿ, ಮೂರು ಗಂಟೆ ಹೊತ್ತಿಗೆ ಕರೆ ಬಂತು. ರಾತ್ರಿ ಅಂದರೂ ಬಿಸಿಲು. ಬಟ್ಟೆ ಜೋಡಿಸಿಟ್ಟುಕೊಂಡೇ ಮಲಗಿದ್ದರಿಂದ ಐದು ನಿಮಿಷದಲ್ಲಿ ಮೇಲಿದ್ದೆ, ನೀವೂ ಹಾಗೇ ಮಾಡಿ. ಒಂದು ಹೆಣ್ಣು ಕರಡಿ ಸೀಲ್ ತೂತಿನ ಪಕ್ಕ ಮುಂಗಾಲ ಮೇಲೆ ಗದ್ದ ಇಟ್ಟು ಮಲಗಿತ್ತು. ಅದರ ಹಿಂದೆ ಸ್ವಲ್ಪ ದೂರದಲ್ಲಿ ಮರಿ. ಎರಡು ಗಂಟೆ ಏನೂ ಆಗಲಿಲ್ಲ. ಮರಿ ಒಮ್ಮೆ ಎದ್ದು ಎರಡು ಹೆಜ್ಜೆ ಇಟ್ಟಿತು, ತಾಯಿ ಕತ್ತನ್ನಷ್ಟೇ ತಿರುಗಿಸಿ ನೋಡಿತು, ಮರಿ ಮತ್ತೆ ಕೂತಿತು. ಎಷ್ಟೋ ಜನ ತಿಂಡಿಗೆ ಹೋದರು. ನಿಂತವರಿಗೆ ಕಂಡಿದ್ದು, ಆ ಪ್ರಾಣಿ ಬದುಕುವುದೇ ಹೀಗೆ ಕಾದು ಅನ್ನುವುದು.

ಹಾಗಾಗಿ ಬೇಗ ಒಳಗೆ ಹೋಗಬೇಡಿ. ಮೊದಲ ಹತ್ತು ನಿಮಿಷ ಫೋಟೋ ತೆಗೆಯಿರಿ, ಆಮೇಲೆ ಕ್ಯಾಮೆರಾ ಇಳಿಸಿ. ಕರಡಿ ಮೂಗೆತ್ತಿ ಗಾಳಿ ಮೂಸುತ್ತಿದ್ದರೆ ನಿಮ್ಮ ವಾಸನೆ ಸಿಕ್ಕಿರಬಹುದು. ಮಲಗಿದ್ದದ್ದು ಮತ್ತೆ ಮಲಗಿದರೆ ಒಳ್ಳೆಯ ಲಕ್ಷಣ. ಎದ್ದು, ಪದೇಪದೇ ಹಿಂದೆ ನೋಡುತ್ತಾ ಬಿರುಸಾಗಿ ದೂರ ಹೋಗುತ್ತಿದ್ದರೆ ನಾವು ಅದಕ್ಕೆ ತೊಂದರೆ ಕೊಟ್ಟಿದ್ದೇವೆ. ತೂತಿನ ಹತ್ತಿರ ಗಂಟೆಗಟ್ಟಲೆ ಕಾದ ಬೇಟೆ ನಮ್ಮಿಂದ ತಪ್ಪಿದರೆ ಅದು ಸಣ್ಣ ನಷ್ಟವಲ್ಲ. ಕ್ಯಾಪ್ಟನ್ ಹಡಗು ಹಿಂದೆ ತೆಗೆದರೆ ಗೊಣಗಬೇಡಿ. ಕುತೂಹಲದಿಂದ ಕರಡಿಯೇ ಹತ್ತಿರ ಬಂದರೂ ಹಡಗು ಸರಿಯಬೇಕು.

ಡೆಕ್ ಮೇಲೆ ಮಾತು ಪಿಸುದನಿಯಲ್ಲಿ. ಕಬ್ಬಿಣದ ಬಾಗಿಲು ಕೈಯಲ್ಲಿ ಹಿಡಿದು ಮುಚ್ಚಿ, ಮಂಜಿನ ನಿಶ್ಶಬ್ದದಲ್ಲಿ ಆ ಸದ್ದು ಬಹಳ ದೂರ ಹೋಗುತ್ತದೆ. ಕಂಬಿ ಹತ್ತಿರ ಜಾಗ ಸಿಕ್ಕವರು ಸ್ವಲ್ಪ ಹೊತ್ತಿಗೆ ಹಿಂದಿನವರಿಗೆ ಬಿಟ್ಟುಕೊಡಿ. ಆಹಾರದ ಚೂರೂ ನೀರಿಗೆ ಬೀಳಬಾರದು.

ದಡಕ್ಕೆ ಇಳಿಯುವಾಗ

ಸಂರಕ್ಷಿತ ಪ್ರದೇಶಗಳಲ್ಲಿ ಈಗ 43 ಜಾಗಗಳಲ್ಲಿ ಮಾತ್ರ ಇಳಿಯಬಹುದು. ಗೈಡ್‌ಗಳು ಮೊದಲು ಹೋಗಿ ಸುತ್ತ ನೋಡಿ, ಬಂದೂಕು ಮತ್ತು ಬೆಳಕಿನ ಗುಂಡು ಹಾರಿಸುವ ಪಿಸ್ತೂಲು ಹಿಡಿದು ಕಾವಲು ನಿಂತ ಮೇಲೆ ನಿಮ್ಮನ್ನು ರಬ್ಬರ್ ದೋಣಿಯಲ್ಲಿ ಕರೆತರುತ್ತಾರೆ. ಗುಂಪು ಬಿಟ್ಟು ಹತ್ತು ಹೆಜ್ಜೆಯೂ ಹೋಗಬೇಡಿ. 2018ರ ಜುಲೈನಲ್ಲಿ ‘ಏಳು ದ್ವೀಪಗಳು’ ಗುಂಪಿನ ಒಂದು ದ್ವೀಪದಲ್ಲಿ ಪ್ರವಾಸಿಗರು ಇಳಿಯುವ ಮುಂಚೆ ಪರೀಕ್ಷೆಗೆ ಹೋದ ಕಾವಲುಗಾರರೊಬ್ಬರ ಮೇಲೆ ಕರಡಿ ಎರಗಿತು. ಅವರ ತಲೆಗೆ ಗಾಯವಾಯಿತು, ಕರಡಿಯನ್ನು ಕೊಲ್ಲಬೇಕಾಯಿತು. ನಮ್ಮಂಥ ಪ್ರವಾಸಿಗರು ಅಲ್ಲಿಗೆ ಹೋಗಿದ್ದಕ್ಕೆ ಒಂದು ಕರಡಿ ಸತ್ತಿತು ಅನ್ನುವುದು ನನ್ನನ್ನು ಈಗಲೂ ಕಾಡುತ್ತದೆ. ದಡದಲ್ಲಿ ಕರಡಿ ಕಂಡು ‘ಇವತ್ತು ಇಳಿಯುವುದಿಲ್ಲ’ ಅಂದರೆ ಅದು ಸರಿಯಾದ ತೀರ್ಮಾನ. ಮೂಳೆ, ಹಳೆಯ ಮರದ ತುಂಡು, ಏನನ್ನೂ ಎತ್ತಿಕೊಳ್ಳಬೇಡಿ. 1946ಕ್ಕಿಂತ ಹಿಂದಿನ ಮನುಷ್ಯರ ಪ್ರತಿ ಕುರುಹಿಗೂ ಅಲ್ಲಿ ರಕ್ಷಣೆ ಇದೆ.

ಗೈಡ್‌ಗಳನ್ನು ಪ್ರಶ್ನೆ ಕೇಳಿ. ಸ್ವಾಲ್ಬಾರ್ಡ್‌ನ ಆಗ್ನೇಯ ತುದಿಯ ಹೋಪೆನ್ ದ್ವೀಪದ ಬಗ್ಗೆ ಕೇಳಿ. ಶರತ್ಕಾಲದಲ್ಲಿ ಮಂಜುಗಡ್ಡೆ ತಡವಾಗಿ ಬಂದ ವರ್ಷ ಗಬ್ಬದ ಕರಡಿಗಳು ಆ ದ್ವೀಪ ತಲುಪಲಾರವು, ಮರಿ ಹಾಕುವ ಗುಹೆಗಳು ಖಾಲಿ ಉಳಿಯುತ್ತವೆ. 1973ರಲ್ಲಿ ಐದು ದೇಶಗಳು ಓಸ್ಲೋದಲ್ಲಿ ಕೂತು ಕರಡಿ ಬೇಟೆಗೆ ಕಡಿವಾಣ ಹಾಕಿದವು, ಅದರಿಂದ ಸಂಖ್ಯೆ ಚೇತರಿಸಿಕೊಂಡಿತು. ಕರಗುವ ಮಂಜಿಗೆ ಅಂಥ ಒಂದು ಸಹಿ ಸಾಕಾಗುವುದಿಲ್ಲ. ನಾವು ಹಾರಿದ ವಿಮಾನ, ಹತ್ತಿದ ಹಡಗು ಎರಡೂ ಎಣ್ಣೆ ಸುಡುತ್ತವೆ. ಅದಕ್ಕೇ ನಾನು ಮೊದಲೇ ಹೇಳಿದ್ದು, ಒಂದೇ ಸಲ ಹೋಗಿ, ಸರಿಯಾಗಿ ಹೋಗಿ ಅಂತ.

ಇನ್ನೊಂದು ಮಾತು. ಕೊನೆಯ ರಾತ್ರಿ ಎಲ್ಲರೂ ಸೂಟ್‌ಕೇಸ್ ತುಂಬುತ್ತಿರುತ್ತಾರೆ, ಡೆಕ್ ಖಾಲಿ. ಬೈನಾಕ್ಯುಲರ್ ಮಾತ್ರ ಒಳಗೆ ಹಾಕಬೇಡಿ. ಲಾಂಗ್‌ಇಯರ್‌ಬೀನ್‌ಗೆ ಹೋಗುವ ದಾರಿ ಇಸ್‌ಫ್ಯೋರ್ಡ್ ಮೂಲಕ. ಅಲ್ಲಿ ಬಿಳಿ ಬೆಲುಗಾ ತಿಮಿಂಗಿಲಗಳು ಗುಂಪಾಗಿ ದಡದ ಪಕ್ಕದಲ್ಲೇ ಹೋಗುವುದುಂಟು, ಅಲೆಯ ನೊರೆ ಅಂದುಕೊಂಡು ಬಿಟ್ಟುಬಿಡುವಷ್ಟು ಸದ್ದಿಲ್ಲದೆ.